ಹತ್ತು ಲಕ್ಷದ ಮೇಲೊಂದು

ನೀರಿನ ಮೀಟರು ಕಾರ್ಖಾನೆಯಲ್ಲಿ ಹಿತ್ತಾಳೆ ತಗಡಿಗೆ ನಂಬರು ಒತ್ತುವವನಿಗೆ ಶೇಷಣ್ಣ ಎಂಬ ಹೆಸರು ಇಟ್ಟದ್ದು ತಂದೆತಾಯಿಯಲ್ಲ, ಜೊತೆಗಾರರು. ಕಂಡ ಸಂಖ್ಯೆಯನ್ನೆಲ್ಲ ಭಾಗಿಸಿ ಶೇಷ ಇಷ್ಟು ಎನ್ನದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಬೀಗರ ಮನೆಗೆ ಮೊದಲ ಸಲ ಹೋದಾಗಲೂ ಬಾಗಿಲ ನಂಬರು ಹದಿಮೂರರಿಂದ ಸಲೀಸಾಗಿ ಭಾಗವಾಯಿತೆಂದು ಮುಖ ಸಿಂಡರಿಸಿ, ಹೆಂಡತಿಯಿಂದ ತಿವಿಸಿಕೊಂಡಿದ್ದ.

ಮೂವತ್ತೊಂದು ವರ್ಷದಲ್ಲಿ ಅವನು ಒಂದು ತಗಡನ್ನೂ ಕೆಡಿಸಿದವನಲ್ಲ. ಮೇಜಿನ ಮೇಲ್ಗಡೆಯ ಹಲಗೆಯಲ್ಲಿ 'ಕೆಟ್ಟವು: 0' ಎಂಬ ಸೊನ್ನೆ ಅವನ ಮೀಸೆಗಿಂತ ಹೆಚ್ಚು ಹೊಳೆಯುತ್ತಿತ್ತು.

ನಿವೃತ್ತಿಯ ದಿನ ಕೊನೆಗೆ ಒತ್ತಿದ ತಗಡು ಒತ್ತಿದವರಿಗೇ ಸೇರುವುದು ಅಲ್ಲಿನ ರೂಢಿ. ತನ್ನದು ಅವಿಭಾಜ್ಯ ಸಂಖ್ಯೆಯೇ ಆಗಬೇಕು, ಯಾರ ಮುಂದೆಯೂ ನಿಶ್ಶೇಷವಾಗದಂಥದ್ದು ಎಂಬುದು ಶೇಷಣ್ಣನ ಹಟ. ಹುಡುಕಿದ್ದು 1000001. ಮೂರು, ಏಳು, ಹನ್ನೊಂದು, ಹದಿಮೂರು, ಯಾವುದರಿಂದ ಭಾಗಿಸಿದರೂ ಎರಡು ಉಳಿಯುತ್ತಿತ್ತು. ಜೇಬಿನಲ್ಲಿದ್ದ ಅವಿಭಾಜ್ಯಗಳ ಪಟ್ಟಿ ಮುಗಿಯುವ ತೊಂಬತ್ತೇಳರವರೆಗೂ ನೋಡಿ ಮುಗಿಸಿದ. ಅಂಕಿಯಂತ್ರ ಮುಂದೆ ಹೋಗುವುದೇ ಹೊರತು ಹಿಂದೆ ಬಾರದು. ಆದ್ದರಿಂದ ಮೂರು ವಾರ ಚಹಾ ಎಳೆದೆಳೆದು ಕುಡಿದು, ಕೊನೆಯ ಗಂಟೆಗೆ ಸರಿಯಾಗಿ ಆ ಸಂಖ್ಯೆ ಬರುವಂತೆ ಮಾಡಿದ.

ಗಂಟೆ ಹೊಡೆಯಿತು. ಒತ್ತಿದ. ಚಪ್ಪಾಳೆ ಬಿತ್ತು.

ಆಗ ಸ್ಟೋರಿನ ಅಕ್ಕ ಕನ್ನಡಕ ಏರಿಸಿದಳು. ಅವಳಿಗೂ ಅವನಿಗೂ ಹಾವು-ಮುಂಗುಸಿಯ ಸ್ನೇಹ.

"ನೂರಾ ಒಂದರಿಂದ ನೋಡಿದ್ಯೇನೋ?"

"ಅದು... ಪಟ್ಟಿಯಲ್ಲಿ ಇರಲಿಲ್ಲ."

"ಪಟ್ಟಿ ಮುಗಿದ್ರೆ ಲೆಕ್ಕ ಮುಗಿಯುತ್ತಾ, ಮಹರಾಯ?"

ಶೇಷಣ್ಣ ಬೀಳ್ಕೊಡುಗೆ ಕಾರ್ಡಿನ ಬೆನ್ನ ಮೇಲೇ ಭಾಗಿಸಿದ. ಒಂಬತ್ತು ಸಾವಿರದ ಒಂಬೈನೂರ ಒಂದು. ಶೇಷ ಸೊನ್ನೆ. ಮುಖ ಇಂಗು ತಿಂದ ಮಂಗನಂತಾಯಿತು.

"ಇನ್ನೊಂದೆರಡು ಒತ್ತಲಾ?" ಎಂದ ಸಣ್ಣ ದನಿಯಲ್ಲಿ.

ಸೂಪರ್‌ವೈಸರಮ್ಮ ತಲೆಯಾಡಿಸಿದರು. "ಗಂಟೆಯಾದ ಮೇಲೆ ಹೊಸ ತಗಡು ಇಲ್ಲ. ಕೆಟ್ಟರೆ ಮಾತ್ರ ಬದಲಿ."

ಶೇಷಣ್ಣ ಹಲಗೆಯ ಸೊನ್ನೆಯನ್ನು ನೋಡಿದ. ಕೈಯಲ್ಲಿದ್ದ ತಗಡನ್ನು ನೋಡಿದ. ಸುತ್ತಿಗೆ ಎತ್ತಿ ಠಣ್ಣನೆ ಬಿಟ್ಟ.

"ಅಯ್ಯೋ, ಕೈ ಜಾರಿತು!"

ಬದಲಿ ಬಂತು: 1000002. ಸಮಸಂಖ್ಯೆ, ನೋಡುವುದೇ ಬೇಡ. ಠಣ್.

"ವಯಸ್ಸಾಯ್ತು ನೋಡಿ, ಮತ್ತೆ ಜಾರಿತು!"

1000003 ಬಂದಾಗ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಅಕ್ಕ ಒಂದು ನೋಟ್‌ಬುಕ್ ಮುಂದೆ ತಳ್ಳಿದಳು. ಎರಡರಿಂದ ಒಂಬೈನೂರ ತೊಂಬತ್ತೇಳರವರೆಗಿನ ಅವಿಭಾಜ್ಯಗಳಿಂದ ನೂರ ಅರವತ್ತೆಂಟು ಭಾಗಾಕಾರ, ಒಂದರಲ್ಲೂ ಸೊನ್ನೆಯಿಲ್ಲ.

"ಊಟದ ಬಿಡುವಲ್ಲೆಲ್ಲ ಇದೇ ಮಾಡ್ದೆ. ಸುತ್ತಿಗೆ ಇಳಿಸು, ಇದು ಅವಿಭಾಜ್ಯವೇ."

"ಮೊದಲೇ ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ನಿನ್ನ ಮುಖ ನೋಡೋಕೆ ಸಿಗ್ತಿತ್ತಾ?"

ಸೂಪರ್‌ವೈಸರಮ್ಮ ಹಲಗೆಯ ಸೊನ್ನೆ ಒರೆಸಿ 'ಕೆಟ್ಟವು: 2' ಎಂದು ಬರೆದರು. ಶೇಷಣ್ಣನ ಕಣ್ಣು ಅಲ್ಲೇ ನೆಟ್ಟಿತು.

"ಅಳಬೇಡ್ವೋ," ಎಂದಳು ಅಕ್ಕ. "ಅದೂ ಅವಿಭಾಜ್ಯವೇ."