ಬಾದಾಮಿಯ ಉಗುರು

ನಾವು ಇಂಗ್ಲಿಷರ ನಾಡಿನ ಸಟನ್ನಿನ ಆ ಫ್ಲ್ಯಾಟಿಗೆ ಬಂದ ಮೊದಲನೆಯ ಅಕ್ಟೋಬರಿನಲ್ಲಿ ಎದುರುಮನೆಯಾಕೆ ನಮ್ಮ ಬಾಗಿಲು ತಟ್ಟಿ, "ರೀ, ನಿಮ್ಮ ಆಸ್ಪತ್ರೇಲಿ ಬ್ಯಾಂಡೇಜು ಬೇಕಾದಷ್ಟು ಇರುತ್ತಲ್ವಾ, ಒಂದೆರಡು ರೋಲ್ ತಂದ್ಕೊಡ್ತೀರಾ?" ಎಂದು ಕೇಳಿದಳು. ಯಾರಿಗೋ ಪೆಟ್ಟಾಗಿದೆ ಎಂದುಕೊಂಡು ನಾನು ಗಾಬರಿಯಿಂದ ಅವಳ ಕಂಕುಳಲ್ಲಿದ್ದ ಮಗುವನ್ನು ನೋಡಿದೆ. ಅದು ಆರಾಮವಾಗಿ ಬಾಳೆಹಣ್ಣು ತಿನ್ನುತ್ತಿತ್ತು.

"ಅಯ್ಯೋ, ಯಾರಿಗೂ ಏನೂ ಆಗಿಲ್ಲ ರೀ. ಬಾಗಿಲಿಗೆ ಸುತ್ತೋಕೆ. ಹ್ಯಾಲೋವೀನ್ ಬಂತಲ್ಲಾ!"

ನಮ್ಮ ಕಟ್ಟಡದಲ್ಲಿ ವರ್ಷವೂ ಆ ದೆವ್ವ-ಭೂತಗಳ ಹಬ್ಬಕ್ಕೆ ಬಾಗಿಲುಗಳ ಸ್ಪರ್ಧೆ ನಡೆಯುತ್ತಿತ್ತಂತೆ. ಪ್ರತಿ ಮನೆಯವರೂ ತಮ್ಮ ಬಾಗಿಲನ್ನು ಸಿಂಗರಿಸಬೇಕು, ಏನಾದರೊಂದು ತಿಂಡಿ ಮಾಡಿಕೊಂಡು ಕೆಳಗೆ ಲಿಫ್ಟಿನ ಮುಂದಿನ ಹಜಾರಕ್ಕೆ ತರಬೇಕು. ಆ ವರ್ಷ ಅದನ್ನೆಲ್ಲ ನಡೆಸುವ ಉತ್ಸಾಹ ಹೊತ್ತವಳು ಇವಳೇ. ಬೆಂಗಳೂರಿನವಳು, ನನಗಿಂತ ಚಿಕ್ಕವಳು, ಗಂಡ ಹೆಂಡತಿ ಇಬ್ಬರೂ ಐಟಿ. ಆ ಮಹಡಿಯಲ್ಲಿ ಕನ್ನಡ ಆಡುವ ಇನ್ನೊಂದು ಮನೆ ಎಂದರೆ ಅವರದೇ. ನಾವು ಕುಂದಾಪುರದ ಕಡೆಯವರು. ನನ್ನ ಗಂಡ ಒಂದು ಹೋಟೆಲಿನಲ್ಲಿ ಅಡುಗೆಯವರು, ನಾನು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸುಗಳ ಕೈಕೆಳಗೆ ಕೆಲಸಕ್ಕಿದ್ದೆ. ರೋಗಿಗಳ ಮೈ ಒರೆಸುವುದು, ಊಟ ಮಾಡಿಸುವುದು, ಗಾಯದ ಪಟ್ಟಿ ಬಿಚ್ಚುವಾಗ ಕಾಲು ಎತ್ತಿ ಹಿಡಿಯುವುದು.

ವಾರ್ಡಿನ ಬ್ಯಾಂಡೇಜು ಹಾಗೆಲ್ಲ ತರುವಂತಿಲ್ಲ ಎಂದೆ. ಅವಳಿಗೆ ಬೇಸರವೇನೂ ಆಗಲಿಲ್ಲ. ಔಷಧಿ ಅಂಗಡಿಯಿಂದ ಕೊಂಡು ತಂದು, ಮೇಲಿಂದ ಕೆಳಗಿನವರೆಗೆ ಬಾಗಿಲಿಗೆ ಸುತ್ತಿ, ನಡುನಡುವೆ ಕೆಂಪು ಬಣ್ಣ ಅದ್ದಿ, ಎರಡು ದೊಡ್ಡ ಕಣ್ಣು ಅಂಟಿಸಿದಳು. ಬಣ್ಣಕ್ಕೆ ಏನು ಬೆರೆಸಿದ್ದಳೋ, ಒಣಗಿದ ಮೇಲೆ ಅದು ಅಂಚಿನಲ್ಲಿ ಕಂದಾಗಿ, ನಡುವೆ ಹಳದಿಯಾಗಿ ನಿಂತಿತು. ಬೆಳಗಿನ ಪಾಳಿಗೆ ಹೊರಡಲು ನಾನು ಬಾಗಿಲು ತೆಗೆದರೆ ಎದುರಿಗೇ ಅದು. ಮನೆಯಿಂದ ಹೊರಗೆ ಕಾಲಿಡುವ ಮೊದಲೇ ವಾರ್ಡು ಬಂದು ಹೊಸ್ತಿಲಲ್ಲಿ ನಿಂತ ಹಾಗಾಗುತ್ತಿತ್ತು. ಈ ಪಟ್ಟಿ ಬದಲಿಸಬೇಕಿತ್ತಲ್ಲ ಎಂದು ಮನಸ್ಸು ತಾನಾಗಿಯೇ ಅಂದುಕೊಳ್ಳುತ್ತಿತ್ತು. ಮುಖ ತಿರುಗಿಸಿ ಲಿಫ್ಟಿನತ್ತ ನಡೆಯುತ್ತಿದ್ದೆ.

ವಾರ್ಡಿನಲ್ಲಿ ನನಗೆ ಹೇಸಿಗೆ ಎನ್ನಿಸುತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಸಕ್ಕರೆ ಕಾಯಿಲೆಯಿಂದ ಬೆರಳು ಕಪ್ಪಾಗಿ ಬಂದವರ ಪಾದಗಳನ್ನು ನಾನು ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ. ವಾಸನೆ ಬರುತ್ತದೆ, ಬಾಯಿಂದ ಉಸಿರಾಡಿದರಾಯಿತು. ಆ ಪಾದದ ಆಚೆ ತುದಿಯಲ್ಲಿ ಒಬ್ಬ ಮನುಷ್ಯ ಇರುತ್ತಾನೆ, ಚಹಾ ಯಾವಾಗ ಬರುತ್ತದೆ ಎಂದು ಕೇಳುತ್ತಿರುತ್ತಾನೆ. ಅವನ ಮುಖ ನೋಡಿದರೆ ಹೇಸಿಗೆಗೆ ಜಾಗವಿರುವುದಿಲ್ಲ. ಬಾಗಿಲಿನ ಆ ಬ್ಯಾಂಡೇಜಿನ ಹಿಂದೆ ಯಾರೂ ಇರಲಿಲ್ಲ. ಬಹುಶಃ ಅದಕ್ಕೇ ಇರಬೇಕು, ನನಗೆ ಅದನ್ನು ಕಂಡರೆ ಮೈ ಜುಮ್ಮೆನ್ನುತ್ತಿತ್ತು.

ತಿಂಡಿಯ ವಿಚಾರಕ್ಕೆ ಬಂದರೆ, ಅವಳು ನನ್ನ ಫೋನಿಗೆ ಚಿತ್ರಗಳ ಸುರಿಮಳೆಯನ್ನೇ ಕಳಿಸಿದಳು. ಇಡೀ ಹೂಕೋಸನ್ನು ಬೀಟ್‌ರೂಟ್ ರಸದಲ್ಲಿ ಬೇಯಿಸಿ ಮಾಡಿದ ಮಿದುಳು. ಲಿಚಿ ಹಣ್ಣಿನೊಳಗೆ ಕಪ್ಪು ದ್ರಾಕ್ಷಿ ಸಿಕ್ಕಿಸಿದ ಕಣ್ಣುಗುಡ್ಡೆ. ಟೊಮೆಟೊ ಸಾರಿನಲ್ಲಿ ಹೊರಳಾಡುವ ನೂಡಲ್ಸಿನ ಕರುಳು. ಅವನ್ನೆಲ್ಲ ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಊಟದ ಡಬ್ಬಿ ಮುಚ್ಚಿಟ್ಟು ನೋಡಿದೆ. ನಮ್ಮಮ್ಮ ಊಟಕ್ಕೆ ಕೂತಾಗ ಯಾರಾದರೂ ಹುಣ್ಣು, ಕೀವು ಎಂಬ ಶಬ್ದ ಎತ್ತಿದರೂ ಗದರುತ್ತಿದ್ದಳು. ಇಲ್ಲಿ ಶಬ್ದವನ್ನೇ ತಟ್ಟೆಗೆ ಬಡಿಸುತ್ತಿದ್ದರು.

ನನ್ನ ಪಾಲಿಗೆ ಬಂದದ್ದು ಮಾಟಗಾತಿಯ ಬೆರಳು. ಬೆಣ್ಣೆ ಬಿಸ್ಕತ್ತಿನ ಹಿಟ್ಟನ್ನು ಬೆರಳಿನಂತೆ ಹೊಸೆದು, ಗಂಟುಗಳಿಗೆ ಚಾಕುವಿನಿಂದ ಗೀರು ಹಾಕಿ, ತುದಿಗೆ ಸಿಪ್ಪೆ ತೆಗೆದ ಬಾದಾಮಿಯನ್ನು ಉಗುರಿನಂತೆ ಒತ್ತಿ, ಉಗುರಿನಡಿ ಸ್ಟ್ರಾಬೆರಿ ಜಾಮ್ ಸವರುವುದು. ಬೇಡ, ಉಪ್ಪಿಟ್ಟೋ ಬೋಂಡವೋ ಮಾಡುತ್ತೇನೆ ಎಂದರೆ ಮಗಳ ಕಣ್ಣಲ್ಲಿ ನೀರು. ಆಗ ಅವಳಿಗೆ ಏಳು ವರ್ಷ.

"ಅಮ್ಮಾ, ಪ್ಲೀಸ್! ಇಟ್ಸ್ ಜಸ್ಟ್ ಫನ್. ಎವ್ರಿವನ್ ವಿಲ್ ಲವ್ ದೆಮ್."

ಹಾಗೆ ಹೇಳಿದ ಮೇಲೆ ಇನ್ನೇನು. ಶನಿವಾರ ಬೆಳಿಗ್ಗೆ ಇಬ್ಬರೂ ಕೂತು ಹಿಟ್ಟು ಹೊಸೆದೆವು. ನನ್ನ ಬೆರಳಿನ ಅಳತೆಗೇ ಹಿಟ್ಟಿನ ಬೆರಳು ಹೊರಳುತ್ತಿತ್ತು, ಹದವಾಗಿ, ತಣ್ಣಗೆ, ಮೆತ್ತಗೆ. ಉಗುರು ಒತ್ತುವ ಕೆಲಸ ಮಗಳದು. ಓವನ್ನಿನಲ್ಲಿ ಅವು ಉಬ್ಬಿಕೊಂಡವು. ಉಬ್ಬಿದ ಬೆರಳು ಎಂದರೆ ಏನೆಂದು ನನಗೆ ಗೊತ್ತಿತ್ತು. ಚರ್ಮ ಬಿಗಿದು ಬಿಳಚಿಕೊಂಡು, ಗೀರುಗಳು ಬಿರಿದು, ಜಾಮ್ ಕುದಿದು ಉಗುರಿನ ಸುತ್ತ ಕಂದು ಬಣ್ಣದಲ್ಲಿ ಒಸರಿ ಅಂಟಿಕೊಂಡಿತ್ತು. ಕೆಲವು ಉಗುರು ಕಳಚಿ ತಟ್ಟೆಯಲ್ಲಿ ಬಿದ್ದಿದ್ದವು. ಮಗಳು ಒಂದನ್ನು ಎತ್ತಿ ಗಂಟಿನ ಬಳಿ ಕಟಕ್ಕನೆ ಕಚ್ಚಿದಳು. "ಯಮ್ಮಿ!" ಎಂದಳು. ಅಡುಗೆಮನೆ ತುಂಬ ಬೆಣ್ಣೆಯ ಒಳ್ಳೆಯ ಪರಿಮಳವಿತ್ತು. ಆ ಪರಿಮಳಕ್ಕೇ ನನಗೆ ಇನ್ನಷ್ಟು ಓಕರಿಕೆ ಬಂತು.

ಮಧ್ಯಾಹ್ನ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಮಾಡಿದ್ದೆ. ಅನ್ನ ಕಲಸಲು ಕೈ ಹಾಕಿದವಳು ಕೆಂಪು ಸಾರಿನೊಳಗೆ ನನ್ನ ಬೆರಳುಗಳನ್ನೇ ಕಂಡು, ಎದ್ದು ಕೈ ತೊಳೆದು ಚಮಚ ತಂದೆ. ಹುಟ್ಟಿದ ಮೇಲೆ ಮೀನಿನ ಊಟವನ್ನು ಚಮಚದಲ್ಲಿ ಉಂಡವಳಲ್ಲ ನಾನು.

"ಎಂತಕ್ಕೆ ಚಮಚ? ಕೈಗೆ ಎಂತಾಯ್ತ್?" ಎಂದರು ಇವರು.

"ಎಂತ ಇಲ್ಲೆ. ನೀವ್ ಉಣ್ಣಿ."

"ಬೆರಳ್ ಮಾಡಿ ಮಾಡಿ ಬೆರಳ್ ಕಂಡ್ರೆ ಹೆದ್ರಿಕಿ ಆಯ್ತಾ?"

"ಹೆದ್ರಿಕಿ ಅಲ್ಲ, ಹೇಸ್ಗಿ."

ಇವರು ನಕ್ಕು ಮೀನಿನ ಮುಳ್ಳು ಬಿಡಿಸತೊಡಗಿದರು. ಹೋಟೆಲಿನಲ್ಲಿ ದಿನವಿಡೀ ಕೋಳಿ ಕತ್ತರಿಸುವವರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು.

ಸಂಜೆ ಕೆಳಗೆ ಹೋದಾಗ ಹಜಾರವನ್ನು ಗುರುತು ಹಿಡಿಯುವಂತಿರಲಿಲ್ಲ. ಗೋಡೆಯ ಮೂಲೆಗಳಿಗೆ ಹತ್ತಿಯನ್ನು ಎಳೆದು ಎಳೆದು ಜೇಡರ ಬಲೆ ಮಾಡಿದ್ದರು. ನಿಜವಾದ ದೀಪ ಹಚ್ಚಬಾರದೆಂದು ಕಟ್ಟಡದವರ ಕಟ್ಟಪ್ಪಣೆ ಇದ್ದುದರಿಂದ, ಕೊರೆದ ಕುಂಬಳಕಾಯಿಗಳ ಒಳಗೆಲ್ಲ ಬ್ಯಾಟರಿ ದೀಪ ಮಿಣುಕುತ್ತಿದ್ದವು. ಮೇಜಿನ ಮೇಲೆ ಹೂಕೋಸಿನ ಮಿದುಳು ನಸುಗೆಂಪು ನೀರಿನಲ್ಲಿ ಕೂತಿತ್ತು. ಅದರ ಪಕ್ಕದಲ್ಲಿ ನನ್ನ ಬೆರಳುಗಳ ತಟ್ಟೆ. ಮಕ್ಕಳು ಮುಗಿಬಿದ್ದರು. ಎದುರುಮನೆಯಾಕೆ ಎಲ್ಲರಿಗೂ ನನ್ನನ್ನು ತೋರಿಸಿ, "ಶಿ ವರ್ಕ್ಸ್ ಇನ್ ಎ ಹಾಸ್ಪಿಟಲ್, ದಟ್ಸ್ ವೈ ಸೋ ರಿಯಲ್!" ಎಂದು ಹೊಗಳುತ್ತಿದ್ದಳು. ನಾನು ಹಲ್ಲುಕಚ್ಚಿ ನಗುತ್ತ ನಿಂತೆ.

ಅಷ್ಟರಲ್ಲಿ ನೆಲಮಹಡಿಯ ಮುದುಕ ಬಾಗಿಲು ತೆಗೆದು ಈಚೆ ಬಂದ. ಹಿಂದೆ ಬಸ್ಸು ಓಡಿಸುತ್ತಿದ್ದ ಇಂಗ್ಲಿಷಿನವನು, ಒಂಟಿ. ಸಕ್ಕರೆ ಕಾಯಿಲೆಯಿಂದ ಅವನ ಎಡಗಾಲಿನ ಎರಡು ಬೆರಳು ತೆಗೆದು ಆಗ ಹೆಚ್ಚು ದಿನವಾಗಿರಲಿಲ್ಲ. ಪಾದಕ್ಕೆ ದೊಡ್ಡ ಕಪ್ಪು ಬೂಟಿನಂಥದ್ದು ಕಟ್ಟಿದ್ದರು, ಕೋಲೂರಿಕೊಂಡು ಬರುತ್ತಿದ್ದ. ಇವನ ಕಣ್ಣಿಗೆ ಇದು ಬೀಳಬಾರದು ಎಂದು ನಾನು ತಟ್ಟೆಯನ್ನು ಮೆಲ್ಲನೆ ಮಿದುಳಿನ ಹಿಂದಕ್ಕೆ ಸರಿಸಿದೆ. ಅವನು ಕಂಡುಬಿಟ್ಟ.

"ಅದ್ಯಾಕಮ್ಮ ಬಚ್ಚಿಡ್ತೀಯಾ?" ಎಂದು ಅವನ ಇಂಗ್ಲಿಷಿನಲ್ಲಿ ಕೇಳಿದ. ತಟ್ಟೆಯತ್ತ ಬಗ್ಗಿ ನೋಡಿದ. ಆಮೇಲೆ ಹಜಾರವೇ ಅದುರುವಂತೆ ನಕ್ಕ. "ಆಸ್ಪತ್ರೆಯವರು ನನ್ನ ಎರಡು ಇಟ್ಟುಕೊಂಡರು. ನಾನೂ ಎರಡು ತಗೊಳ್ತೀನಿ."

ಎಲ್ಲರೂ ನಕ್ಕರು. "ಸಕ್ಕರೆ ಹಾಕಿದ್ದೇನೆ, ನೀವು ತಿನ್ನಬಾರದು," ಎಂದೆ ನಾನು.

"ಗೊತ್ತು ಕಣಮ್ಮ, ಗೊತ್ತು," ಎಂದು ಮೇಜಿನ ಮೇಲಿದ್ದ ಚಹಾದ ಕಪ್ಪೊಂದನ್ನು ಎಳೆದುಕೊಂಡು ಒಂದು ಬೆರಳನ್ನು ಅದರಲ್ಲಿ ಅದ್ದಿದ. ಅದು ನೆನೆದು ಮೆತ್ತಗಾಗಿ ಬಾಗಿತು. ಉಗುರು ಕಪ್ಪಿನೊಳಗೆ ಬಿತ್ತು. ಅವನು ಚಮಚದಿಂದ ಅದನ್ನು ಹುಡುಕಿ ತೆಗೆದು ಬಾಯಿಗೆ ಹಾಕಿಕೊಂಡ. ಜಾಮ್ ಅವನ ಬಿಳಿ ಗಡ್ಡಕ್ಕೆ ಮೆತ್ತಿಕೊಂಡಿತ್ತು. ಅವನಿಗೆ ನೋವಾದೀತೆಂದು ಹೆದರಿದವಳು ನಾನು. ಅವನಿಗೆ ಒಂದಿಷ್ಟೂ ನೋವಾಗಲಿಲ್ಲ, ಬಹಳ ದಿನದ ಮೇಲೆ ನಾಲಿಗೆಗೆ ರುಚಿಯಾದದ್ದು ಸಿಕ್ಕಿತೆಂಬ ಖುಷಿ ಆ ಮುಖದಲ್ಲಿತ್ತು. ನನಗೂ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಸದ ಡಬ್ಬಿಗಳಿಡುವ ಹಿಂದಿನ ಓಣಿಗೆ ಹೋಗಿ, ಒದ್ದೆ ಎಲೆಗಳ ಮೇಲೆ ನಿಂತು, ಗೋಡೆ ಹಿಡಿದು ತಣ್ಣನೆಯ ಗಾಳಿ ಎಳೆದುಕೊಂಡೆ. ವಾಂತಿಯಾಗಲಿಲ್ಲ. ಆಗಿದ್ದರೆ ಹಗುರವಾಗುತ್ತಿತ್ತು.

ಸ್ಪರ್ಧೆಯಲ್ಲಿ ಬ್ಯಾಂಡೇಜಿನ ಬಾಗಿಲಿಗೇ ಬಹುಮಾನ ಬಂತು. ಅದಾದ ಎರಡು ದಿನಕ್ಕೆ ಎದುರುಮನೆಯವರು ದೀಪಾವಳಿಗೆಂದು ಬೆಂಗಳೂರಿಗೆ ವಿಮಾನ ಹತ್ತಿದರು. ಅವರ ಬಾಗಿಲಿನ ಎರಡು ಪಕ್ಕದಲ್ಲಿದ್ದ ಕೊರೆದ ಕುಂಬಳಕಾಯಿಗಳು ಅಲ್ಲೇ ಉಳಿದವು.

ಆ ಕಾಯಿಗಳನ್ನು ಕೊರೆದ ದಿನ ಅವುಗಳ ತಿರುಳನ್ನೆಲ್ಲ ಅವಳು ಕಸಕ್ಕೆ ಹಾಕಲು ಹೊರಟಾಗ ನಾನು ಇಸಿದುಕೊಂಡು ಬಂದು ಹುಳಿ ಮಾಡಿ ನೋಡಿದ್ದೆ. ನಮ್ಮ ಸಿಹಿಗುಂಬಳದ ಸಿಹಿಯಾಗಲಿ ಹಿಟ್ಟಾಗಲಿ ಅದರಲ್ಲಿ ಇರಲಿಲ್ಲ. ಬರೀ ನೀರು, ನಾರು. ತಿನ್ನಲು ಅಲ್ಲದ ತರಕಾರಿಯನ್ನೂ ಯಾರೋ ಬೆಳೆಯುತ್ತಾರೆಂದು ಆ ದಿನ ತಿಳಿಯಿತು. ಅದನ್ನೂ ಕೊನೆಗೆ ಚೆಲ್ಲಿದೆ.

ನಮ್ಮ ಮಹಡಿಯ ಕಾರಿಡಾರಿನಲ್ಲಿ ಬಿಸಿನೀರಿನ ಕೊಳವೆಗಳು ಹಾದುಹೋಗುತ್ತಿದ್ದರಿಂದ ಚಳಿಗಾಲದಲ್ಲೂ ಅಲ್ಲಿ ಕಾವು. ಒಂದು ವಾರದಲ್ಲಿ ಕುಂಬಳಕಾಯಿಗಳ ಬಾಯೊಳಗೆ ಬಿಳಿಯ ಬೂಷ್ಟು ಕೂದಲಿನಂತೆ ಬೆಳೆಯಿತು. ಕಣ್ಣಿನ ತೂತುಗಳು ಜೋತುಬಿದ್ದವು. ಕೆನ್ನೆ ಒಳಗೆ ಹೋಯಿತು, ಮೇಲಿನ ಮುಚ್ಚಳ ಕುಸಿದು ತಲೆಯೊಳಗೇ ಬಿತ್ತು. ಸಣ್ಣ ನೊಣಗಳು ಲಿಫ್ಟಿನವರೆಗೂ ಬಂದವು. ಕಟ್ಟಡ ಗುಡಿಸುವವನು ಬಂದು, ಕಾರಿಡಾರಿನಲ್ಲಿ ಸಾಮಾನು ಇಡಬಾರದು ಎಂಬ ಚೀಟಿಯನ್ನು ಒಂದು ಕುಂಬಳಕಾಯಿಯ ಹಣೆಗೆ ಅಂಟಿಸಿ ಹೋದ. ಚೀಟಿಯೂ ಒದ್ದೆಯಾಯಿತು. ಎಲ್ಲರೂ ಮೂಗು ಮುಚ್ಚಿಕೊಂಡು ದಾಟಿ ಹೋಗುತ್ತಿದ್ದರು.

ಕೊನೆಗೆ ರಜೆಯ ದಿನ ನಾನೇ ಪಾತ್ರೆ ತೊಳೆಯುವ ಹಳದಿ ಕೈಗವಸು ಹಾಕಿ ಹೊರಟೆ. ಒಂದನ್ನು ಎರಡು ಕೈಯಲ್ಲಿ ಎತ್ತಿದೆ. ಮೇಲ್ಭಾಗ ಮಾತ್ರ ಕೈಗೆ ಬಂತು. ತಳ ಕಾರ್ಪೆಟ್ಟಿಗೇ ಅಂಟಿಕೊಂಡಿತ್ತು. ಒಳಗಿದ್ದ ಕಂದುಬಣ್ಣದ ಲೋಳೆಯೆಲ್ಲ ಒಮ್ಮೆಗೇ ಜಾರಿ ನನ್ನ ಪಾದದ ಮೇಲೆ, ಕಾಲುಚೀಲದೊಳಕ್ಕೆ ಇಳಿಯಿತು, ಬೆಚ್ಚಗೆ. ಆ ಬೆಚ್ಚಗಿನದನ್ನು ಇವತ್ತಿಗೂ ನನ್ನ ಕಾಲು ಮರೆತಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳು ಮೂಗು ಹಿಡಿದುಕೊಂಡು, "ಅಮ್ಮಾ, ದಟ್ಸ್ ಡಿಸ್ಗಸ್ಟಿಂಗ್!" ಎಂದು ಕಿರುಚಿ ಒಳಗೆ ಓಡಿದಳು. ನಾನು ಮೊಣಕಾಲೂರಿ, ಧೂಳು ಎತ್ತುವ ಮೊರದಿಂದ ಉಳಿದದ್ದನ್ನು ಕೆರೆದು ಕೆರೆದು ಚೀಲಕ್ಕೆ ತುಂಬಿದೆ. ಬಿಸಿನೀರು, ಸೋಪು, ವಿನಿಗರ್ ಎಲ್ಲ ಹಾಕಿ ಉಜ್ಜಿದರೂ ಎರಡು ದುಂಡನೆಯ ಕಲೆಗಳು ಹಾಗೇ ಉಳಿದವು.

ಊರಿನಿಂದ ಬಂದ ಮೇಲೆ ಎದುರುಮನೆಯಾಕೆ ಕಲೆ ನೋಡಿ ತಲೆ ಚಚ್ಚಿಕೊಂಡಳು. "ಅಯ್ಯೋ ಸಾರಿ ರೀ, ಕ್ಲೀನರ್ ತೆಗೀತಾನೆ ಅಂದ್ಕೊಂಡಿದ್ದೆ," ಎಂದು ಅವರಮ್ಮ ಮಾಡಿಕೊಟ್ಟಿದ್ದ ನಿಪ್ಪಟ್ಟಿನ ಪೊಟ್ಟಣ ಕೈಗಿಟ್ಟಳು. ನಿಪ್ಪಟ್ಟು ಚೆನ್ನಾಗಿತ್ತು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೆ ಆಗಲೇ ಹೇಳಿಬಿಟ್ಟೆ, "ಮುಂದಿನ ಸಲ ನನ್ನ ಲೆಕ್ಕಕ್ಕೆ ಹಿಡೀಬೇಡಿ."

"ಯಾಕ್ರೀ? ನಿಮ್ಮ ಬೆರಳೇ ಹಿಟ್ ಆಗಿದ್ದು!" ಎಂದಳು. ನಾನು ಬಾಯಿ ತೆರೆಯುವ ಮೊದಲೇ, "ಓ, ಮನೇಲಿ ಶಾಸ್ತ್ರ ಏನಾದ್ರೂ..." ಎಂದು ತಾನೇ ದಾರಿ ತೋರಿಸಿದಳು.

ಶಾಸ್ತ್ರವಲ್ಲ, ನನ್ನ ಹೊಟ್ಟೆಯ ವಿಚಾರ ಎಂದು ಹೇಳಬೇಕೆಂದಿದ್ದೆ. ಹೇಳಿದರೆ ವಾರ್ಡಿನ ಪಾದಗಳನ್ನೆಲ್ಲ ಅವಳ ನಿಪ್ಪಟ್ಟಿನ ಮುಂದೆ ತಂದಿಡಬೇಕಾಗುತ್ತಿತ್ತು. "ಹೂಂ, ಹಾಗೇ ಅಂದ್ಕೊಳ್ಳಿ," ಎಂದೆ.

ಆಮೇಲಿನ ವರ್ಷಗಳಲ್ಲಿ ಅಕ್ಟೋಬರಿನ ಕೊನೆಯ ಸಂಜೆ ನಾನು ಕೇಳಿ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದೆ. ಮಕ್ಕಳಿರುವ ನರ್ಸುಗಳಿಗೆ ಅದು ಅನುಕೂಲವೇ ಆಗುತ್ತಿತ್ತು. ಮಗಳು ಎದುರುಮನೆಯವರ ಜೊತೆ ಮಹಡಿ ಮಹಡಿ ಸುತ್ತಿ ಚೀಲ ತುಂಬ ಸಿಹಿ ತರುತ್ತಿದ್ದಳು. ಅದರಲ್ಲಿ ಹಲ್ಲು, ಕಿವಿ, ಹುಳ, ಕಣ್ಣು ಎಲ್ಲ ಇರುತ್ತಿದ್ದವು. ನಾನೊಂದು ಮಾತೂ ಆಡಿದವಳಲ್ಲ. ಅವಳೇ ಒಂದು ವರ್ಷ ಆ ರಾಶಿಯಿಂದ ಯಾವ ಆಕಾರವೂ ಇಲ್ಲದ, ಬರೀ ಚೌಕದ ಚಾಕಲೇಟುಗಳನ್ನು ಆರಿಸಿ, ಒಂದು ಬಟ್ಟಲಲ್ಲಿ ಹಾಕಿ, ನಾನು ಬೆಳಿಗ್ಗೆ ಚಹಾ ಕುಡಿಯುವ ಜಾಗದಲ್ಲಿ ಇಟ್ಟಿದ್ದಳು.