ಕೆಂಪವ್ವನ ದನಿಯ ಮೂರು ಪ್ರತಿಗಳು

ಗೋಕಾಕದ ಕೇದಾರಿಯನ್ನು ನೀವು ನೋಡಿಯೇ ಇರುತ್ತೀರಿ. ಸುತ್ತಲಿನ ಯಾವ ಮದುವೆಗೆ ಹೋದರೂ ಹೆಗಲ ಮೇಲೆ ಕ್ಯಾಮೆರಾ ಹೊತ್ತು, ಮದುಮಕ್ಕಳ ಮುಂದೆ ಹಿಂದಕ್ಕೆ ಹಿಂದಕ್ಕೆ ನಡೆಯುವ ಬಡಕಲು ಮನುಷ್ಯನಿರುತ್ತಾನಲ್ಲ, ಅವನೇ.

ಅವನ ಓಣಿಯ ಕೆಂಪವ್ವ ಅರಿಶಿಣದ ಹಾಡಿನಲ್ಲಿ ಎತ್ತಿದ ಕೈ. ಕರೆಯದಿದ್ದರೂ ಬರುತ್ತಿದ್ದಳು. ಕೇದಾರಿ ಲೈಟು ಹಿಡಿದನೋ, ಹಾಡು ಮುಗಿಸಿ ಬೈಯುತ್ತಿದ್ದಳು: “ಏ ಕೇದಾರಿ, ನನ್ನ ಬಾಯಾಗ ಯಾಕ ಲೈಟ್ ಬಿಡ್ತಿಯೋ? ಇರೂವ ಎರಡ ಹಲ್ಲು, ಅವನ್ನೂ ಎಣಸ್ತಿಯೇನು?” ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು.

ಹಿಂದೊಮ್ಮೆ ಹೊಳೆ ಅಂಗಡಿಗೆ ನುಗ್ಗಿ ಹಳೆಯ ಕ್ಯಾಸೆಟ್ಟುಗಳೆಲ್ಲ ಕೆಸರಾದವು. ಆಮೇಲೆ ಕೇದಾರಿ ಬುದ್ಧಿ ಕಲಿತ. ಶೂಟಿಂಗ್ ಮಾಡಿದ್ದೆಲ್ಲ ಮೂರು ಊರಲ್ಲಿರಬೇಕು: ತನ್ನ ಅಂಗಡಿಯಲ್ಲಿ, ಮೂಡಲಗಿಯ ತಮ್ಮ ಸಾಗರನ ಹತ್ತಿರ, ಹುಕ್ಕೇರಿಯ ತಂಗಿ ಪೂನಮ್ ಮನೆಯಲ್ಲಿ. ಮೂರು ಕಂಪ್ಯೂಟರುಗಳನ್ನು ಇಂಟರ್ನೆಟ್ಟಿನಿಂದ ಜೋಡಿಸಿದ. ಗೋಕಾಕದ್ದು ಹಿರಿಯಣ್ಣ. ಅಲ್ಲಿ ಸೇರಿದ್ದು ಉಳಿದೆರಡರಲ್ಲೂ ಸೇರುವುದು, ಅಲ್ಲಿ ಅಳಿಸಿದ್ದು ಆ ಎರಡರಲ್ಲೂ ಅಳಿಯುವುದು.

“ಇನ್ನ ಹೊಳಿ ಬರ್ಲಿ, ನಾ ನೋಡ್ಕೋತೀನಿ” ಎನ್ನುತ್ತಿದ್ದ.

ಹೋದ ಮಳೆಗಾಲದಲ್ಲಿ ಹೊಳೆ ಬಂದೇ ಬಂತು. ಅಂಗಡಿ ಮುಳುಗಿತು. ಕೇದಾರಿ ಹೆದರಲಿಲ್ಲ. ಅದೇ ವಾರ ಕೆಂಪವ್ವ ಜ್ವರದಿಂದ ತೀರಿಕೊಂಡಳು. ಯಮಕನಮರಡಿಗೆ ಕೊಟ್ಟ ಮಗಳು ನಂದಿನಿ ಮಣ್ಣಿಗೆ ಬಂದವಳು ಅವನ ಕೈ ಹಿಡಿದಳು.

“ಅಣ್ಣಾ, ಮುಂದಿನ ತಿಂಗಳ ಮಗಳ ಮದುವಿ ಐತಿ. ಅರಿಶಿಣಕ್ಕ ಅವ್ವನ ಹಾಡ ಬೇಕು. ನನಗ ಮೂರ ಸಾಲಿನ ಮ್ಯಾಲ ಬರೂದಿಲ್ಲ.”

“ಅಳಬ್ಯಾಡವಾ. ಮೂರೂರಾಗ ಇಟ್ಟೇನಿ ನಿಮ್ಮವ್ವನ್ನ.”

ಅದೇ ಅವಸರದಲ್ಲಿ ಹೊಸ ಕಂಪ್ಯೂಟರು ತಂದ. ಹಳೆಯದರ ಹೆಸರನ್ನೇ ಕೊಟ್ಟು, ಹಳೆಯದರ ಜಾಗದಲ್ಲೇ ಕೂರಿಸಿ, ಜೋಡಿಸಿ, ಚಹಾ ಕುಡಿಯಲು ಹೋದ. ತಮ್ಮನಲ್ಲೂ ತಂಗಿಯಲ್ಲೂ ಇದ್ದದ್ದೆಲ್ಲ ಇಲ್ಲಿಗೆ ಬರುತ್ತದೆಂದು ಅವನ ಎಣಿಕೆ. ಆದರೆ ಹೊಸ ಹಿರಿಯಣ್ಣನ ಹೊಟ್ಟೆ ಬರಿದಾಗಿತ್ತಲ್ಲ. ಕಿರಿಯವೆರಡೂ ಅದನ್ನೇ ನೋಡಿ ತಮ್ಮ ಹೊಟ್ಟೆಯನ್ನೂ ಬರಿದು ಮಾಡಿಕೊಂಡವು.

ಚಹಾದ ಕಪ್ಪು ಕೈಯಲ್ಲಿರುವಾಗಲೇ ಸಾಗರನ ಫೋನು. “ಅಣ್ಣಾ, ಇಲ್ಲೆ ಏನೂ ಇಲ್ಲೋ! ನೀ ಏನರ ಅಳಿಸಿದಿಯೇನು?”

“ಪೂನಮ್‌ಗ ಹೇಳೋ, ವಾಯರ್ ಕೀಳಂತ ಹೇಳೋ!”

ಅಷ್ಟರಲ್ಲಿ ಹುಕ್ಕೇರಿಯಲ್ಲೂ ಮುಗಿದಿತ್ತು. ಬೆಳಗಾವಿಯ ರಿಪೇರಿಯವನು ನಾಲ್ಕು ದಿನ ನೋಡಿ, ಏನೂ ಉಳಿದಿಲ್ಲವೆಂದು ತಲೆಯಾಡಿಸಿದ.

ಆಗ ಅವನಿಗೆ ಮದುವೆ ಮನೆಗಳಿಗೆ ಕೊಟ್ಟ ಪೆನ್‌ಡ್ರೈವ್‌ಗಳು ನೆನಪಾದವು. ಕಣಗಲಾ ಊರಿನಿಂದ ಹಿಡಿದು ಹನ್ನೊಂದು ಮನೆ ತಿರುಗಿದ. ಎಲ್ಲ ಕಡೆಯೂ ಕೆಂಪವ್ವ ಇದ್ದಳು. ಬಾಯಿ ತೆರೆದರೆ ಮಾತ್ರ ಸಿನಿಮಾ ಹಾಡು. ಮುದುಕಿಯರ ಹಾಡು ಯಾರು ಕೇಳುತ್ತಾರೆಂದು ಅವಳ ದನಿ ತೆಗೆದು ಆ ಹಾಡುಗಳನ್ನು ಕೂಡಿಸಿದವನು ಬೇರಾರೂ ಅಲ್ಲ, ಕೇದಾರಿಯೇ. ಅವಳ ದನಿ ಉಳಿದಿದ್ದು ಅವನ ಮೂರು ಪ್ರತಿಗಳಲ್ಲಷ್ಟೇ.

ಅರಿಶಿಣದ ದಿನ ಒಂದು ಪೆನ್‌ಡ್ರೈವ್ ಹಿಡಿದು ಯಮಕನಮರಡಿಗೆ ಹೋದ. “ಹೊಳಿ ಒಂದ ಒಯ್ದಿತ್ತವಾ. ಉಳಿದ ಎರಡನ್ನ ನಾನ ಕೈಯಾರ ಕಳದೆ.”

ನಂದಿನಿ ಪೆನ್‌ಡ್ರೈವ್ ಇಸಿದುಕೊಂಡಳು. ಟಿವಿಗೆ ಹಚ್ಚಿ, ಸಿನಿಮಾ ಹಾಡಿನ ಸದ್ದು ಪೂರಾ ಇಳಿಸಿದಳು. ಕೈಯಲ್ಲಿ ಅರಿಶಿಣದ ಬಟ್ಟಲು. ತಾಯಿಯ ತುಟಿ ನೋಡುತ್ತ ಒಂದು ಸಾಲು ಹಾಡಿದಳು, ಎರಡು, ಮೂರು. ನಾಲ್ಕನೆಯದಕ್ಕೆ ನಿಂತಳು. ಕೂತಿದ್ದ ಹೆಂಗಸರಿಗೂ ಮುಂದಿನದು ಬರುತ್ತಿರಲಿಲ್ಲ.

ಕೆಂಪವ್ವ ಮಾತ್ರ ಹಾಡುತ್ತಲೇ ಇದ್ದಳು. ಮುಗಿಸಿ, ಲೈಟಿನ ಕಡೆ ಕೈ ಬೀಸಿ ಏನೋ ಬೈದಳು. ಆ ಬೈಗುಳ ಕೇದಾರಿಗೆ ಬಾಯಿಪಾಠವಿತ್ತು.