ಪೂಜೆಗೆ ಕೂತ ಪೇಚಕಸ

ಪೇಚಕಸ ಎಂಬ ಮಾತನ್ನು ಬಿಚ್ಚಿ ನೋಡಿದರೆ ಅದರೊಳಗೆ ನನ್ನ ಸಂಸಾರವೇ ಕಾಣುತ್ತದೆ. ನಾನು ನಾಲ್ಕನೆಯ ಇಯತ್ತೆಯಲ್ಲಿ ಸಂಧಿ ಸಮಾಸಗಳಿಗೆ ಶರಣು ಹೊಡೆದು ಸಾಲಿಯಿಂದ ಹೊರಬಿದ್ದವನು. ಆದರೂ ಈ ಒಂದು ಶಬ್ದವನ್ನು ಬಿಚ್ಚುವ ಹಕ್ಕು ನನಗುಂಟು. ತಿರುಪುಮೊಳೆ ಬಿಚ್ಚಿ ಬಿಗಿಯುವ ಆ ಹತಾರದಿಂದಲೇ ನಾನು ತಿನ್ನುವ ರೊಟ್ಟಿ. ನಮ್ಮ ಓಣಿಯ ದರ್ಜಿ ಬಾಬುಸಾಬ ಹೇಳುವ ಪ್ರಕಾರ ಅದು ಉರ್ದು ಮಾತು: ಪೇಚು ಎಂದರೆ ತಿರುವು, ಕಸ ಎಂದರೆ ಬಿಗಿಯುವುದು. ತಿರುಪುಮೊಳೆಗೂ ಪೇಚು, ರುಮಾಲಿನ ಸುತ್ತಿಗೂ ಪೇಚು, ಗಾಳಿಪಟದ ದಾರಗಳು ತೆಕ್ಕೆಬಿದ್ದರೂ ಪೇಚು. ಕನ್ನಡಕ್ಕೆ ಬಂದ ಮೇಲೆ ಅದು ಮನುಷ್ಯರಿಗೂ ಗಂಟುಬಿತ್ತು. ನಾವು ಪೇಚಿಗೆ ಸಿಕ್ಕೆವು, ಪೇಚಾಡಿದೆವು. ನನ್ನ ಹೆಂಡತಿ ಗೌರವ್ವ ಮಾತ್ರ ಉರ್ದುವಿನ ಗೊಡವೆಗೆ ಹೋಗದೆ ಅಚ್ಚಕನ್ನಡದಲ್ಲಿ ಅರ್ಥ ಮಾಡಿದ್ದಾಳೆ.

“ಪೇಚು ನಿಮ್ಮದು, ಕಸ ನನ್ನದು.”

ಪಡಸಾಲೆಯಲ್ಲಿ ನಾನು ಬಿಚ್ಚಿ ಹರವಿದ ತುಕ್ಕು, ಎಣ್ಣೆಅರಿವೆ, ತಂತಿತುಂಡುಗಳನ್ನು ದಿನವೂ ಗುಡಿಸುವವಳು ಅವಳು. ವ್ಯಾಕರಣದಲ್ಲಿ ಸೋತರೂ ಅನುಭವದಲ್ಲಿ ಗೆದ್ದ ಅರ್ಥವದು.

ಜೋರಾಪುರ ಪೇಟೆಯಲ್ಲಿ ನನ್ನದು ರಿಪೇರಿ ಕೆಲಸ. ಹೊಲಿಗೆ ಯಂತ್ರ, ಬೀಗ, ಗ್ಯಾಸಿನ ಬತ್ತಿ, ಬಾವಿಯ ಮೇಲಿನ ಇಂಜಿನ್, ಏನು ಬಂದರೂ ಬೇಡವೆನ್ನುವವನಲ್ಲ. ಟಿಕೋಟಾಕ್ಕೆ, ಬಬಲೇಶ್ವರಕ್ಕೆ ಸೈಕಲ್ ತುಳಿದು ಹೋಗುತ್ತಿದ್ದೆ. ಹ್ಯಾಂಡಲ್ಲಿಗೆ ಒಂದು ಚೀಲ. ಚೀಲದಲ್ಲಿ ಉದ್ದ, ಗಿಡ್ಡ, ದಪ್ಪ, ಸಣಕಲು ಪೇಚಕಸಗಳ ಒಂದು ದೊಡ್ಡ ಕುಟುಂಬ. ಅವು ಗಲಗಲ ಅನ್ನುವ ಸದ್ದಿಗೆ ದಾರಿಯ ಮೇಲಿನ ಇಟ್ಟಂಗಿಹಾಳದ ನಾಯಿಗಳು ನನ್ನನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದವು. ಇಷ್ಟೆಲ್ಲ ಹೊತ್ತು ಹೋದರೂ ಬೇಕಾದದ್ದು ಮಾತ್ರ ಯಾವಾಗಲೂ ಚೀಲದ ತಳದಲ್ಲಿ. ಅದನ್ನು ಹುಡುಕುವಾಗ ಇಂಜಿನ್ನಿನ ಮಾಲೀಕ ನನ್ನ ಕಡೆ ನೋಡುವ ನೋಟ ನನಗೆ ಸೇರುತ್ತಿರಲಿಲ್ಲ. ಬಲ್ಲವನು ಹುಡುಕಬಾರದು, ಕೈಯಿಟ್ಟರೆ ಬರಬೇಕು ಎಂಬುದು ನನ್ನ ಜಂಬ.

ಯುದ್ಧ ಮುಗಿದ ಮರುವರ್ಷ ಪೇಟೆಯ ಅಂಗಡಿಯೊಂದಕ್ಕೆ ದಂಡಿನವರು ಬಿಟ್ಟುಹೋದ ಸಾಮಾನು ಪೆಟ್ಟಿಗೆಗಟ್ಟಲೆ ಬಂತು. ಅದರಲ್ಲಿ ಒಂದು ಬಗೆಯ ಪೇಚಕಸವಿತ್ತು: ಹಿಡಿಕೆ ಒಂದೇ, ಅದರ ಹೊಟ್ಟೆ ಪೊಳ್ಳು, ಹೊಟ್ಟೆಯೊಳಗೆ ಬೇರೆಬೇರೆ ಮೂತಿಗಳು. ಬೇಕಾದ ಮೂತಿಯನ್ನು ತೆಗೆದು ಮುಂದೆ ಸಿಕ್ಕಿಸಿದರೆ ಕೆಲಸಕ್ಕೆ ತಯಾರು. ಕಂಡಕೂಡಲೆ ನನ್ನ ಮನಸ್ಸು ಹೋಯಿತು. ಆದರೆ ಕೈಯಲ್ಲಿ ದುಡಿಯುವ ವಸ್ತುವಿನ ಆಯ್ಕೆಯನ್ನು ಮನಸ್ಸಿಗೆ ಬಿಟ್ಟುಕೊಡಬಾರದು. ಟಿಕೋಟಾದಿಂದ ಬಂದಿದ್ದ ಗೌರವ್ವನ ತಮ್ಮ ಮಲ್ಲಪ್ಪನನ್ನೂ ಕರೆದುಕೊಂಡು ಹೋದೆ. ಪೇಚಕಸದ ಬಗ್ಗೆ ಅವನಿಗೆ ಏನೂ ಗೊತ್ತಿಲ್ಲ. ಎತ್ತುಗಳ ಬಗ್ಗೆ ಎಲ್ಲ ಗೊತ್ತು.

ಅಂಗಡಿಯವನು ಮೊದಲು ಇಟ್ಟದ್ದು ಹನ್ನೆರಡು ಮೂತಿಯ, ಬೆಳ್ಳಿಯಂತೆ ಹೊಳೆಯುವ ಒಂದನ್ನು. ನಾನು ಹೊಳಪಿಗೆ ಅರ್ಧ ಸೋತಿದ್ದೆ. ಮಲ್ಲಪ್ಪ ಅದನ್ನು ತೆಗೆದುಕೊಂಡು ಎತ್ತಿನ ಬಾಯಿ ಅಗಲಿಸಿ ನೋಡುವಂತೆ ನೋಡಿದ, ಮೂತಿ ಹಿಡಿದು ಅಲ್ಲಾಡಿಸಿದ, ಬೆನ್ನು ಸವರಿದ, ಸುಳಿಯನ್ನೂ ಹುಡುಕಿದನೋ ಏನೋ.

“ಹಲ್ಲ ಛಲೋ ಅದಾವ ಮಾವಾ. ಆದ್ರ ಕುತ್ತಿಗಿ ಸಡಲ ಐತಿ. ನಟ್ಟ ನಡು ಹೊಲದಾಗ ನಿಂತಬಿಡತೈತಿ.”

“ಇದು ಪೇಚಕಸರಿ ಗೌಡ್ರ, ಎತ್ತಲ್ಲ,” ಎಂದ ಅಂಗಡಿಯವನು.

“ಎರಡಕ್ಕೂ ನೊಗದಾಗ ಕುತ್ತಿಗಿ ಕೂಡಬೇಕಲ್ರಿ.”

ನಾನು ಹಿಡಿದು ತಿರುಗಿಸಿ ನೋಡಿದೆ. ನಿಜ, ಮೂತಿ ಕೂತಲ್ಲಿ ಲಟಪಟ ಅನ್ನುತ್ತಿತ್ತು. ಹಾಗೆ ಅಲುಗುವುದು ಪೇಚಿನ ತಲೆಯ ಗೀರನ್ನು ಕೆಡಿಸುತ್ತದೆ, ಆಮೇಲೆ ಆ ಪೇಚು ಯಾರಪ್ಪನಿಗೂ ಬಗ್ಗುವುದಿಲ್ಲ. ಕೊನೆಗೆ ಮೂಲೆಯಲ್ಲಿ ಬಿದ್ದಿದ್ದ ಆರು ಮೂತಿಯದನ್ನು ಆರಿಸಿದೆವು. ಬಣ್ಣವಿಲ್ಲದ ಕಟ್ಟಿಗೆಯ ಹಿಡಿಕೆ, ಬೆವರಿದ ಕೈಯಲ್ಲೂ ಜಾರದು. ಅಂಗೈಗೆ ಕೂತರೆ ಅಲ್ಲೇ ಹುಟ್ಟಿದಂತೆ. ಓಣಿಯವರು ಅದಕ್ಕೆ ಷಣ್ಮುಖ ಎಂದು ಹೆಸರಿಟ್ಟರು. ಮುಂದಿನ ಸಲ ಬಬಲೇಶ್ವರಕ್ಕೆ ಹೋದಾಗ, ಹಳೆಯ ಕುಟುಂಬವನ್ನು ಚೀಲದ ಸಮೇತ ಅಲ್ಲಿಯ ಇಂಜಿನ್ ನೋಡಿಕೊಳ್ಳುವವನಿಗೆ ದಾನ ಮಾಡಿ, ಷಣ್ಮುಖನನ್ನು ಕಿಸೆಯಲ್ಲಿಟ್ಟುಕೊಂಡು ನಾಯಿಗಳಿಗೂ ಸುಳಿವು ಕೊಡದೆ ಹಿಂತಿರುಗಿದೆ.

ಆರಿಸುವಾಗ ಎಲ್ಲವನ್ನೂ ನೋಡಿದ್ದೆ. ದಸರೆಯ ಮಾನವಮಿಯನ್ನು ಮಾತ್ರ ನೋಡಿರಲಿಲ್ಲ.

ಆ ದಿನ ನಮ್ಮ ಮನೆಯಲ್ಲಿ ದುಡಿಯುವ ಹತಾರವನ್ನು ಜಗಲಿಯ ಮೇಲೆ ಕೂಡಿಸಿ ಪೂಜೆ. ಮರುದಿನ ಸಂಜೆ ಬನ್ನಿ ಕೊಟ್ಟು ಬರುವವರೆಗೆ ದುಡಿದವನು ಅದನ್ನು ಮುಟ್ಟಬಾರದು. ಹಿಂದೆಲ್ಲ ನಾನು ಮೂಗುಮುರಿದ ಒಂದು ಪೇಚಕಸವನ್ನು ಇಡೀ ಕುಟುಂಬದ ಪರವಾಗಿ ದೇವಿಯ ಮುಂದಿಟ್ಟು, ಉಳಿದವನ್ನು ಹಿತ್ತಿಲ ಬಾಗಿಲಿನಿಂದ ಕೆಲಸಕ್ಕೆ ಕರೆದೊಯ್ಯುತ್ತಿದ್ದೆ. ಇದು ಕಪಟವಲ್ಲ, ಪ್ರತಿನಿಧಿತ್ವ; ದೊಡ್ಡ ದೊಡ್ಡ ಸಭೆಗಳೇ ಅದರ ಮೇಲೆ ನಡೆಯುತ್ತಿವೆ. ಆದರೆ ಷಣ್ಮುಖ ಒಬ್ಬನೇ. ಅವನನ್ನು ಕೂಡಿಸಿದರೆ ಆರು ಮೂತಿಗಳೂ ಅವನ ಹೊಟ್ಟೆಯೊಳಗೆ ಜೊತೆಗೆ ಕೂತವು. ಗೌರವ್ವ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂ ಏರಿಸಿದಳು. ನಾನು ಕೈ ಮುಗಿದು ಹೋಳಿಗೆಗೆ ಕೂತೆ.

ಎಲೆಯಿಂದ ಎದ್ದಿರಲಿಲ್ಲ, ಬಾಬುಸಾಬ ಹೊಸ್ತಿಲಿಗೆ ಬಂದು ನಿಂತ. ಅದೇ ವರ್ಷ ಅವನು ಚೌಕದ ದೊಡ್ಡ ದರ್ಜಿಯ ಕೈಕೆಳಗಿನ ಕೆಲಸ ಬಿಟ್ಟು ಸ್ವಂತ ಅಂಗಡಿ ಹಾಕಿದ್ದ. ದಸರೆ ದಾಟುವುದರೊಳಗೆ ತಿರುಗಿ ಬಂದು ತನ್ನ ಕಟ್ಟೆಯ ಮೇಲೆಯೇ ಕೂಡುತ್ತಾನೆ ಎಂದು ಆ ಯಜಮಾನ ನಾಲ್ಕು ಜನರೆದುರು ನಕ್ಕಿದ್ದನಂತೆ. ಬಟ್ಟೆಗೂ ರೇಶನ್ನಿದ್ದ ಕಂಟ್ರೋಲಿನ ಕಾಲ, ಓಣಿಯ ಮಂದಿ ಸಾಲುಹಚ್ಚಿ ನಿಂತು ತಂದ ಬಟ್ಟೆಯನ್ನೆಲ್ಲ ಬಾಬುಸಾಬನನ್ನು ನಂಬಿ ಅವನಿಗೇ ಕೊಟ್ಟಿದ್ದರು. ಈಗ ಸೂಜಿಯ ಕೆಳಗಿನ ತಗಡಿನೊಳಗೆ ದಾರ ಸಿಕ್ಕು ಯಂತ್ರ ನಿಂತಿತ್ತು. ತಗಡನ್ನು ಹಿಡಿದಿದ್ದ ಎರಡು ಸಣ್ಣ ಪೇಚುಗಳ ಮೇಲೆ ಅವನ ಬೋಳು ಪೇಚಕಸ ಜಾರುತ್ತಿತ್ತು. ಪೇಟೆಯ ಉಳಿದ ರಿಪೇರಿ ಅಂಗಡಿಗಳೆಲ್ಲ ಹಬ್ಬಕ್ಕೆ ಬಾಗಿಲು ಹಾಕಿದ್ದವು.

“ನಾಳಿ ಮಂದಿ ಹಳೇ ಅರಿವಿ ಮ್ಯಾಲೇ ಬನ್ನಿ ಕೊಡತಾರ್ರಿ ಮಿಸ್ತ್ರಿ, ನಾ ಚೌಕಕ್ಕ ತಿರುಗಿ ಹೊಕ್ಕೇನಿ,” ಎಂದ. ಮತ್ತೆ ಸೇರಿಸಿದ: “ನಿಮ್ಮ ಅಂಗೀನೂ ಅಲ್ಲೇ ಐತಿ. ಒಂದ ತೋಳ ಹಚ್ಚೇನಿ.”

ಒಂದೇ ತೋಳಿನ ಅಂಗಿಯಲ್ಲಿ ಬನ್ನಿ ಕೊಡುವ ನನ್ನನ್ನು ನಾನೇ ಕಂಡುಕೊಂಡೆ. ಅವನ ಅಂಗಡಿಗೆ ಓಡಿದೆ. ದುಡ್ಡಿನ ಅಂಚು ತುರುಕಿ ನೋಡಿದೆ, ಅದು ದಪ್ಪವಾಯಿತು. ಚಮಚದ ತುದಿ ಬಾಗಿತು. ಚಾಕುವನ್ನಾದರೂ ತರೋಣವೆಂದು ಮನೆಗೆ ಬಂದರೆ ಚಾಕು, ಈಳಿಗೆ, ಕತ್ತರಿ ಎಲ್ಲವೂ ಷಣ್ಮುಖನ ಪಕ್ಕದಲ್ಲಿ ಹೂ ಮುಡಿದು ಕೂತಿದ್ದವು. ನಾನು ಜಗಲಿಯ ಮುಂದೆ ನಿಂತು ನೇಮವನ್ನೂ ಬಾಬುಸಾಬನನ್ನೂ ತೂಗತೊಡಗಿದೆ. ಗೌರವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

“ಇಷ್ಟ ವರ್ಷ ಮೂಗ ಮುರಿದದ್ದನ್ನ ಮುಂದ ಮಾಡಿ ಉಳಿದವನ್ನ ದುಡಿಸಿದ್ರಿ. ದೇವಿಗೆ ಕಣ್ಣಿಲ್ಲಂತ ತಿಳಿದಿದ್ರೇನು?”

ನಾನು ಪ್ರತಿನಿಧಿತ್ವದ ಮಾತು ಎತ್ತಲಿಲ್ಲ. ಅವಳೇ ಮುಂದುವರಿಸಿದಳು.

“ಪೂಜಿ ಆಗಿದ್ದು ಹಿಡಿಕಿಗೆ. ಒಳಗಿನವಕ್ಕ ಕುಂಕುಮ ಹತ್ತಿಲ್ಲ, ಅವು ದೇವಿ ಮಾರೀನೂ ನೋಡಿಲ್ಲ. ಮುಚ್ಚಳ ನಾ ತಗೀತೀನಿ. ನಾ ಏನ ಮಿಸ್ತ್ರಿ ಅಲ್ಲ.”

ಹಿಡಿಕೆಯ ಮುಚ್ಚಳ ತಿರುವಿ, ಆರೂ ಮೂತಿಗಳನ್ನು ತಾಟಿಗೆ ಸುರಿದು, ಪ್ರಸಾದ ಕೊಡುವಂತೆ ನನ್ನ ಬೊಗಸೆಗೆ ಹಾಕಿದಳು. ನಾನೂ ಅಭ್ಯಾಸಬಲದಿಂದ ಕಣ್ಣಿಗೆ ಒತ್ತಿಕೊಂಡೆ. ಹಿಡಿಕೆ ಮಾತ್ರ ಜಗಲಿಯ ಮೇಲೆಯೇ ಉಳಿಯಿತು.

ಹಿಡಿಕೆಯಿಲ್ಲದ ಮೂತಿ ಬೆರಳಿಗೆ ನೋವು, ಪೇಚಿಗೆ ಕಚಗುಳಿ. ನಾನು ಪೇಚಾಡುವುದನ್ನು ನೋಡಿದ ಬಾಬುಸಾಬ ದಾರ ಮುಗಿದ ಕಟ್ಟಿಗೆಯ ರೀಲೊಂದನ್ನು ಮುಂದೆ ಹಿಡಿದ. ಅದರ ನಡುವಿನ ತೂತಿಗೆ ಅರಿವೆಯ ಚೂರು ಸುತ್ತಿದ ಮೂತಿಯನ್ನು ಗುದ್ದಿದೆ. ಕುತ್ತಿಗೆ ನೊಗಕ್ಕೆ ಕೂತಿತು. ಮಲ್ಲಪ್ಪ ಇದ್ದಿದ್ದರೆ ಬೆನ್ನು ಸವರುತ್ತಿದ್ದ. ಪೇಚು ಒಮ್ಮೆ ಕಿರ್ ಎಂದು ಮಾತು ಕೇಳಿತು. ಸಿಕ್ಕುದಾರ ಹೊರಬಂತು, ಯಂತ್ರ ಓಡಿತು. ಮರುದಿನ ನಾನು ಎರಡು ತೋಳಿನವನಾಗಿ ಬನ್ನಿ ಕೊಟ್ಟೆ. ಬಾಬುಸಾಬ ಚೌಕಕ್ಕೆ ಹೋದದ್ದು ಆ ಹಳೆಯ ಯಜಮಾನನಿಗೆ ಬನ್ನಿ ಕೊಡುವುದಕ್ಕೆ ಮಾತ್ರ.

ಯಾವ ಪೇಚಕಸ ಕೊಳ್ಳಲಿ ಎಂದು ಈಗ ಯಾರಾದರೂ ಕೇಳಿದರೆ, ಹೊಳಪು ನೋಡಬೇಡ, ಕುತ್ತಿಗೆ ಅಲ್ಲಾಡಿಸಿ ನೋಡು, ಅಂಗೈಯನ್ನು ಕೇಳು ಎನ್ನುತ್ತೇನೆ. ಮುಚ್ಚಳ ಹೆಂಡತಿಯ ಕೈಗೂ ತೆರೆಯುವಂತಿರಲಿ ಎಂದು ಸೇರಿಸುತ್ತೇನೆ. ಅದೇಕೆ ಎಂದು ಅವರು ಕೇಳುತ್ತಾರೆ. ಮಾನವಮಿ ಬಂದರೆ ತಿಳಿದೀತು ಎನ್ನುತ್ತೇನೆ.

ಮುಂದಿನ ಮಾನವಮಿಗೆ ಬಾಬುಸಾಬ ಆ ರೀಲಿಗೆ ಕೆಂಪು ದಾರ ಸುತ್ತಿ ತಂದು, ವೈನಿ, ಇದಕ್ಕೂ ಒಂದು ಬೊಟ್ಟು ಇಡಿರಿ ಎಂದು ಗೌರವ್ವನ ಕೈಗೆ ಕೊಟ್ಟುಹೋದ. ಹೊಲಿಗೆಯನ್ನೆಲ್ಲ ಹಿಂದಿನ ದಿನವೇ ಮುಗಿಸಿದ್ದನಂತೆ. ಷಣ್ಮುಖನ ಪಕ್ಕದಲ್ಲಿ ರೀಲು ಕೂತಿತು. ಈ ಸಲ ಗೌರವ್ವ ಮೂತಿಗಳನ್ನೂ ಹೊರಗೆ ತೆಗೆದು ಒಂದೊಂದಕ್ಕೂ ಕುಂಕುಮ ಹಚ್ಚಿದಳು. ನನ್ನ ದಾರಿಗಳೆಲ್ಲ ಮುಚ್ಚಿದವು. ಹುಟ್ಟಿದಂದಿನಿಂದ ದುಡಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕೂತೆ.

ಕೊನೆಗೆ ಅವಳು ಮೂಲೆಯ ಕಸಬರಿಗೆಯನ್ನೂ ತಂದು, ತೊಳೆದು, ಹೂ ಏರಿಸಿ, ಜಗಲಿಯ ಬದಿಗೆ ಕೂಡಿಸಿದಳು. ಇವತ್ತು ಪಡಸಾಲೆಯ ಕಸ ಯಾರು ತೆಗೆಯಬೇಕು ಎಂದು ಕೇಳಿದೆ. ಗೌರವ್ವ ನನ್ನ ಖಾಲಿ ಕೈಗಳ ಕಡೆ ನೋಡಿದಳು.